ತೂತಿನ ಮೇಲೆ ಬಿದ್ದದ್ದಕ್ಕಿಂತ ಜಾಸ್ತಿ ಬೆಳಕು ಆಚೆ ಬರುವುದು ಹೇಗೆ?

ಪ್ರಶ್ನೆ: ಸರ್, ನಾನು ಕಾಸರಗೋಡಿನಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ಮನೆ ಬಾಯಾರಿನಲ್ಲಿ. ಬೆಳಕಿನ ಅಲೆಯುದ್ದಕ್ಕಿಂತ ತುಂಬ ಚಿಕ್ಕ ತೂತಿನಿಂದ ಬೆಳಕು ಹೆಚ್ಚುಕಡಿಮೆ ದಾಟುವುದೇ ಇಲ್ಲ ಎಂದು ಕ್ಲಾಸಿನಲ್ಲಿ ಕಲಿತೆವು. ಆದರೆ ಬೆಳ್ಳಿಯ ತೆಳು ಪದರದಲ್ಲಿ ಅಂಥ ತೂತುಗಳನ್ನು ಸಾಲಾಗಿ ಕೊರೆದರೆ, ತೂತುಗಳ ಮೇಲೆ ಬಿದ್ದದ್ದಕ್ಕಿಂತ ಜಾಸ್ತಿ ಬೆಳಕು ಆಚೆ ಬರುತ್ತದೆ ಎಂದು ಒಂದು ಸೆಮಿನಾರಿನಲ್ಲಿ ಕೇಳಿದೆ. ಶಕ್ತಿ ಸಂರಕ್ಷಣೆಯ ನಿಯಮಕ್ಕೆ ಇದು ವಿರುದ್ಧ ಅಲ್ವಾ? ಇನ್ನೊಂದು ಸಂಶಯ: ಮೈಕ್ರೋವೇವ್ ಓವನ್ನಿನ ಬಾಗಿಲಿನಲ್ಲೂ ತೂತುಗಳು ಸಾಲಾಗಿಯೇ ಇವೆ. ಅದರಿಂದ ಅಲೆ ಯಾಕೆ ಹೊರಗೆ ಬರುವುದಿಲ್ಲ? ಇದನ್ನೆಲ್ಲ ಕಾಲೇಜಿನ ಲ್ಯಾಬಿನಲ್ಲಿ ಮಾಡಿ ನೋಡಲು ದಾರಿ ಇದೆಯೇ?

ಉತ್ತರ: ನೀವು ಕೇಳಿದ್ದು ನಿಜ. ತೂತುಗಳ ಮೇಲೆ ಬಿದ್ದದ್ದಕ್ಕಿಂತ ಜಾಸ್ತಿ ಬೆಳಕು ಆಚೆ ಬರುತ್ತದೆ. ಶಕ್ತಿ ಸಂರಕ್ಷಣೆಯ ನಿಯಮಕ್ಕೂ ಏನೂ ಆಗಿಲ್ಲ. ಇವೆರಡೂ ಹೇಗೆ ಒಟ್ಟಿಗೆ ಸರಿ ಎಂದು ತಿಳಿಯಬೇಕಾದರೆ ಸ್ವಲ್ಪ ಹೊತ್ತು ತೂತುಗಳನ್ನು ಬಿಟ್ಟು, ತೂತು ತೂತುಗಳ ನಡುವೆ ಉಳಿದಿರುವ ಲೋಹವನ್ನು ನೋಡಬೇಕು. ಈ ವಿಷಯದ ಜೀವ ಇರುವುದೇ ಅಲ್ಲಿ.

ಮೊದಲು ಕ್ಲಾಸಿನಲ್ಲಿ ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳೋಣ. 2019ರ ಡಿಸೆಂಬರ್ 26ರ ಬೆಳಗ್ಗಿನ ಕಂಕಣ ಗ್ರಹಣ ನಿಮಗೆ ನೆನಪಿರಬಹುದು. ಚೆರುವತ್ತೂರಿನ ಕಡೆ ಬಳೆ ಬಹಳ ಚೆನ್ನಾಗಿ ಕಂಡಿತ್ತು. ಆವತ್ತು ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ, ಗೋಡೆಯ ಮೇಲೆ ಬಳೆಯ ಬಿಂಬ ಬೀಳಿಸಿ ನೋಡಿದವರು ಎಷ್ಟೋ ಜನ. ಸೂಜಿಯ ತೂತು ಅರ್ಧ ಮಿಲಿಮೀಟರ್ ಅಂದುಕೊಳ್ಳಿ. ಹಸಿರು ಬೆಳಕಿನ ಅಲೆಯುದ್ದ ಸುಮಾರು 500 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಅಂದರೆ ಆ ತೂತಿನ ಅಗಲದಲ್ಲಿ ಸಾವಿರ ಅಲೆ ಹಿಡಿಸುತ್ತದೆ. ಹಾಗಾಗಿ ಬೆಳಕು ನೆಟ್ಟಗೆ ದಾಟುತ್ತದೆ, ತೂತಿನ ಮೇಲೆ ಎಷ್ಟು ಬಿತ್ತೋ ಅಷ್ಟೂ ಆಚೆ ಹೋಗುತ್ತದೆ. ಅಲ್ಲಿ ಯಾವ ಗೊಂದಲವೂ ಇಲ್ಲ.

ತೂತು ಅಲೆಯುದ್ದಕ್ಕಿಂತ ಚಿಕ್ಕದಾದಾಗ ಕಥೆ ಬೇರೆ. ಭೌತವಿಜ್ಞಾನಿ ಹಾನ್ಸ್ ಬೆಥೆ 1944ರಲ್ಲಿ ಇದರ ಲೆಕ್ಕ ಮಾಡಿದರು. ತುಂಬ ತೆಳುವಾದ, ಬೆಳಕು ಒಳಗೆ ಇಳಿಯದ ಲೋಹದ ತಗಡಿನಲ್ಲಿ ಒಂದೇ ಒಂದು ಪುಟ್ಟ ದುಂಡು ತೂತು. ತೂತಿನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ದಾಟುತ್ತದೆ ಎಂಬುದು, ತೂತಿನ ತ್ರಿಜ್ಯವನ್ನು ಅಲೆಯುದ್ದದಿಂದ ಭಾಗಿಸಿ ಬಂದದ್ದರ ನಾಲ್ಕನೇ ಘಾತದಂತೆ ಬದಲಾಗುತ್ತದೆ. ಅಲೆಯುದ್ದ ಎರಡು ಪಟ್ಟಾದರೆ ದಾಟುವ ಬೆಳಕು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಇದು ದಪ್ಪವೇ ಇಲ್ಲದ ತಗಡಿಗೆ ಮಾಡಿದ ಲೆಕ್ಕ. ನಿಜವಾದ ಪದರಕ್ಕೆ ದಪ್ಪ ಇರುತ್ತದೆ, ಆಗ ತೂತು ಒಂದು ಕೊಳವೆಯಾಗುತ್ತದೆ. ದುಂಡು ಕೊಳವೆಯ ವ್ಯಾಸದ 1.7 ಪಟ್ಟಿಗಿಂತ ಉದ್ದದ ಅಲೆ ಅದರೊಳಗೆ ಸಾಗುವುದಿಲ್ಲ. ಬಾಯಿಯಿಂದ ಒಳಗೆ ಹೋದಂತೆ ಬೇಗ ಬೇಗ ಸಾಯುತ್ತ ಹೋಗುತ್ತದೆ. ವೇವ್‌ಗೈಡ್ (ಅಲೆಯನ್ನು ಸಾಗಿಸುವ ಲೋಹದ ಕೊಳವೆ) ಪಾಠದ ಕಟ್‌ಆಫ್ ಇದೇ. ಬೆಳ್ಳಿಯಂಥ ನಿಜ ಲೋಹದಲ್ಲಿ ಬೆಳಕು ಗೋಡೆಯೊಳಗೂ ಇಪ್ಪತ್ತು ನ್ಯಾನೋಮೀಟರಿನಷ್ಟು ನುಗ್ಗುವುದರಿಂದ ತೂತು ಅದರ ಅಳತೆಗಿಂತ ಸ್ವಲ್ಪ ದೊಡ್ಡದಾಗಿರುವಂತೆ ನಡೆದುಕೊಳ್ಳುತ್ತದೆ. ಆದರೂ ಒಟ್ಟು ಫಲಿತಾಂಶ ಬದಲಾಗುವುದಿಲ್ಲ.

ಈಗ ಪ್ರಯೋಗಕ್ಕೆ ಬರೋಣ. ಥಾಮಸ್ ಎಬ್ಬೆಸೆನ್ 1989ರಲ್ಲಿ ಜಪಾನಿನ ಎನ್‌ಇಸಿ ಕಂಪನಿಯ ಪ್ರಯೋಗಾಲಯದಲ್ಲಿದ್ದರು. ಪುಟ್ಟ ತೂತುಗಳ ಸಾಲಿರುವ ಲೋಹದ ಪದರದಿಂದ ಬರಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಬೆಳಕು ಬರುವುದನ್ನು ಅವರು ಗಮನಿಸಿದರು. ಅದು ಅಚ್ಚಾದದ್ದು 1998ರಲ್ಲಿ, 'ನೇಚರ್' ಪತ್ರಿಕೆಯಲ್ಲಿ. ನಡುವೆ ಒಂಬತ್ತು ವರ್ಷ. ಕಂಡದ್ದನ್ನು ಕೂಡಲೇ ಪ್ರಕಟಿಸದೆ, ಯಾಕೆ ಹೀಗೆ ಎಂದು ಹಟ ಹಿಡಿದು ಕೂತ ಆ ಒಂಬತ್ತು ವರ್ಷಗಳ ಮೇಲೆ ನನಗೆ ತುಂಬ ಗೌರವ. 2014ರಲ್ಲಿ ನ್ಯಾನೋವಿಜ್ಞಾನದ ಕಾವ್ಲಿ ಪ್ರಶಸ್ತಿ ಅವರಿಗೆ ಸ್ಟೆಫಾನ್ ಹೆಲ್ ಮತ್ತು ಜಾನ್ ಪೆಂಡ್ರಿಯವರ ಜೊತೆ ಬಂತು.

1998ರ ಆ ಪ್ರಬಂಧದ ಒಂದು ಮಾದರಿಯ ಅಳತೆಗಳನ್ನು ತೆಗೆದುಕೊಂಡು ನೀವೇ ಲೆಕ್ಕ ಹಾಕಿ ನೋಡಬೇಕು ಎಂದು ನನ್ನ ಆಸೆ. ಕ್ವಾರ್ಟ್ಜ್ ಗಾಜಿನ ಮೇಲೆ 200 ನ್ಯಾನೋಮೀಟರ್ ದಪ್ಪದ ಬೆಳ್ಳಿ. ಅಯಾನುಗಳ ಸಪೂರ ಕಿರಣದಿಂದ ಅದರಲ್ಲಿ ಕೊರೆದ ದುಂಡು ತೂತುಗಳು. ಒಂದೊಂದರ ವ್ಯಾಸ 150 ನ್ಯಾನೋಮೀಟರ್. ಒಂದು ತೂತಿನ ನಡುವಿನಿಂದ ಪಕ್ಕದ ತೂತಿನ ನಡುವಿಗೆ 900 ನ್ಯಾನೋಮೀಟರ್, ಚೌಕದ ಜೋಡಣೆ. ಒಂದು ಮಿಲಿಮೀಟರ್ ಉದ್ದದಲ್ಲಿ 1,100 ತೂತು ಹಿಡಿಸುವ ಲೆಕ್ಕ. ಬೇರೆ ಬೇರೆ ಅಲೆಯುದ್ದದ ಬೆಳಕು ಹಾಯಿಸಿ ಆಚೆ ಅಳೆದಾಗ 1,370 ನ್ಯಾನೋಮೀಟರಿನಲ್ಲಿ ಒಂದು ದೊಡ್ಡ ಶಿಖರ. ಅಂದರೆ ತೂತಿನ ವ್ಯಾಸಕ್ಕಿಂತ ಒಂಬತ್ತು ಪಟ್ಟಿಗೂ ಜಾಸ್ತಿ ಉದ್ದದ ಅಲೆ. ತೂತುಗಳ ಮೇಲೆ ಬಿದ್ದ ಬೆಳಕಿನ ಎರಡು ಪಟ್ಟಿಗಿಂತ ಜಾಸ್ತಿ ಆಚೆ ಬಂದಿತ್ತು.

ಒಂದು ಚೌಕದ ವಿಸ್ತೀರ್ಣ 900ರ ವರ್ಗ, 8,10,000. ಅದರಲ್ಲಿ ಒಂದು ತೂತಿನ ವಿಸ್ತೀರ್ಣ ಸುಮಾರು 17,700. ಭಾಗಿಸಿದರೆ ನೂರಕ್ಕೆ 2.2. ಪದರದ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 2.2 ಪಾಲು ಮಾತ್ರ ತೂತುಗಳ ಮೇಲೆ ಬೀಳುತ್ತದೆ. ಆಚೆ ಬಂದದ್ದು ಅದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಂದರೆ ನೂರಕ್ಕೆ ನಾಲ್ಕೂವರೆ ಅಂದುಕೊಳ್ಳೋಣ. ಉಳಿದ ತೊಂಬತ್ತೈದೂವರೆ ಪಾಲು? ಹೆಚ್ಚಿನದು ಪ್ರತಿಫಲಿಸಿ ವಾಪಸು ಹೋಯಿತು, ಸ್ವಲ್ಪ ಬೆಳ್ಳಿಯಲ್ಲಿ ಶಾಖವಾಯಿತು. ಬಿದ್ದ ನೂರಕ್ಕಿಂತ ಆಚೆ ಬಂದದ್ದು ಎಷ್ಟೋ ಕಡಿಮೆ. ನಿಮ್ಮ ಸಂರಕ್ಷಣೆಯ ನಿಯಮ ಸುರಕ್ಷಿತವಾಗಿದೆ ಅಲ್ವಾ? 'ಎರಡು ಪಟ್ಟು' ಎಂಬುದು ತೂತುಗಳ ಮೇಲೆ ಬಿದ್ದ ಬೆಳಕಿಗೆ ಹೋಲಿಸಿದಾಗ ಬರುವ ಲೆಕ್ಕ. ಸೆಮಿನಾರುಗಳಲ್ಲಿ ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗುವುದರಿಂದಲೇ ಕೇಳುವವರಿಗೆ ಗಾಬರಿಯಾಗುತ್ತದೆ.

ಬೆಥೆಯವರ ಸೂತ್ರದಲ್ಲಿ ಇದೇ ಅಂಕಿಗಳನ್ನು ಹಾಕಿದರೆ, ತೂತಿನ ಮೇಲೆ ಬಿದ್ದದ್ದರಲ್ಲಿ ಸಾವಿರಕ್ಕೆ ಮೂರೂವರೆ ಪಾಲು ಬರಬೇಕು. ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದೂ ಇಲ್ಲ. ಬಂದದ್ದು ಸಾವಿರಕ್ಕೆ ಎರಡು ಸಾವಿರಕ್ಕಿಂತ ಜಾಸ್ತಿ. ಬೆಥೆ ತಪ್ಪಿದರು ಎಂದು ಮಾತ್ರ ಬರೆದುಕೊಳ್ಳಬೇಡಿ. ಅವರು ಲೆಕ್ಕ ಮಾಡಿದ್ದು ಒಂಟಿ ತೂತಿಗೆ. ಇಲ್ಲಿರುವುದು ಸಾಲು.

ನಿಮ್ಮ ಮನೆ ಬಾಯಾರು ಅಂದಿರಿ, ಹಾಗಾದರೆ ಸುರಂಗ ನಿಮಗೆ ಹೊಸದಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ, ಒಬ್ಬ ಮನುಷ್ಯ ಹೋಗುವಷ್ಟು ಮಾತ್ರ ಅಗಲದ ದಾರಿ. ಅದರ ಬಾಯಿಯಿಂದ ಬೇಸಗೆಯಲ್ಲೂ ನೀರು ಹರಿಯುತ್ತದೆ. ಆ ಬಾಯಿಯ ಮೇಲೆ ಬಿದ್ದ ಮಳೆಯಷ್ಟೇ ಅದರಲ್ಲಿ ಬರಬೇಕು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಗುಡ್ಡದ ಮೈಮೇಲೆಲ್ಲ ಬಿದ್ದ ನೀರು ಒಳಗೊಳಗೇ ಜಿನುಗಿ ಅಲ್ಲಿಗೆ ಬಂದು ಸೇರುತ್ತದೆ. ಬೆಳ್ಳಿಯ ಪದರದಲ್ಲೂ ತೂತಿನ ಸುತ್ತಲಿನ ಲೋಹದ ಮೇಲೆ ಬಿದ್ದ ಬೆಳಕು ಮೇಲ್ಮೈಯಲ್ಲಿ ಹರಿದು ತೂತಿನ ಬಾಯಿಗೆ ಬರುತ್ತದೆ. ಹೋಲಿಕೆ ಇಲ್ಲಿಗೇ ನಿಲ್ಲಬೇಕು. ನೀರಿಗೆ ಸುರಂಗಗಳ ನಡುವಿನ ಅಂತರದ ಹಂಗಿಲ್ಲ. ಬೆಳಕಿಗೆ ಆ ಅಂತರವೇ ಎಲ್ಲವೂ.

ಯಾಕೆಂದರೆ, ಮೇಲ್ಮೈಯಲ್ಲಿ ಹರಿಯುವುದು ಒಂದು ಅಲೆ. ಲೋಹದ ಸ್ವತಂತ್ರ ಎಲೆಕ್ಟ್ರಾನುಗಳ ಓಲಾಟವೂ ಅದಕ್ಕೆ ಅಂಟಿಕೊಂಡ ಬೆಳಕಿನ ಕ್ಷೇತ್ರವೂ ಜೊತೆಯಾಗಿ ಲೋಹದ ಅಂಚಿನಲ್ಲೇ ಸಾಗುತ್ತವೆ. ಇದೇ ಸರ್ಫೇಸ್ ಪ್ಲಾಸ್ಮಾನ್. ಲೋಹದಿಂದ ದೂರ ಹೋದಂತೆ ಅದರ ಬಲ ಬೇಗ ಕುಗ್ಗುತ್ತದೆ. ಅದೇ ಬಣ್ಣದ ಬೆಳಕು ಗಾಳಿಯಲ್ಲೋ ಗಾಜಿನಲ್ಲೋ ಸಾಗುವಾಗ ಇರುವ ಅಲೆಯುದ್ದಕ್ಕಿಂತ ಈ ಮೇಲ್ಮೈ ಅಲೆಯ ಉದ್ದ ಸ್ವಲ್ಪ ಕಡಿಮೆ. ತೊಡಕು ಇರುವುದು ಇಲ್ಲೇ. ಉದ್ದಗಳು ಹೊಂದದ ಕಾರಣ, ನುಣುಪಾದ ಬೆಳ್ಳಿಯ ಮೇಲೆ ಸುಮ್ನೆ ಬೆಳಕು ಬಿಟ್ಟರೆ ಮೇಲ್ಮೈ ಅಲೆ ಏಳುವುದಿಲ್ಲ. ಬೆಳಕು ಪ್ರತಿಫಲಿಸಿ ಹೋಗುತ್ತದೆ, ಅಷ್ಟೆ.

ತೂತುಗಳು ಈ ತೊಡಕನ್ನು ಬಿಡಿಸುತ್ತವೆ. ಬೆಳಕು ನೇರವಾಗಿ ಮೇಲಿನಿಂದ ಬೀಳುತ್ತಿದೆ ಎಂದುಕೊಳ್ಳಿ. ಎಲ್ಲ ತೂತುಗಳಿಗೂ ಅದು ಒಂದೇ ಹೊತ್ತಿಗೆ, ಒಂದೇ ಲಯದಲ್ಲಿ ತಾಗುತ್ತದೆ. ಪ್ರತಿ ತೂತಿನ ಅಂಚೂ ಸ್ವಲ್ಪ ಬೆಳಕನ್ನು ಚದುರಿಸಿ ಮೇಲ್ಮೈ ಅಲೆಯಾಗಿ ಪಕ್ಕಕ್ಕೆ ಕಳಿಸುತ್ತದೆ. ಆ ಅಲೆ ಪಕ್ಕದ ತೂತಿಗೆ ತಲುಪುವ ಹೊತ್ತಿಗೆ ಸರಿಯಾಗಿ ಒಂದು ಸುತ್ತು ಮುಗಿಸಿದ್ದರೆ, ಅಲ್ಲಿ ಹೊಸದಾಗಿ ಹುಟ್ಟುತ್ತಿರುವ ಅಲೆಗೆ ಏರಿಗೆ ಏರು, ಇಳಿತಕ್ಕೆ ಇಳಿತ ಕೂಡಿಕೊಳ್ಳುತ್ತದೆ. ಹೀಗೆ ಸಾವಿರಾರು ತೂತುಗಳಿಂದ ಬಂದದ್ದು ಒಂದರ ಮೇಲೊಂದು ಕೂಡಿ ಮೇಲ್ಮೈಯ ಕ್ಷೇತ್ರ ತುಂಬ ಬಲವಾಗುತ್ತದೆ. ತೂತಿನ ಒಳಗೆ ಅಲೆ ಸಾಯುವುದು ಈಗಲೂ ನಿಜ. ಆದರೆ ಬಾಯಿಯಲ್ಲಿ ಕ್ಷೇತ್ರ ಎಷ್ಟೋ ಪಟ್ಟು ಬಲವಾಗಿರುವುದರಿಂದ, ಸೋರಿ ಉಳಿದದ್ದೂ ಅಷ್ಟೇ ಪಟ್ಟು ಜಾಸ್ತಿ. ಆಚೆ ಬದಿಯಲ್ಲಿ ಇದೇ ಕೆಲಸ ತಿರುಗಿ ನಡೆಯುತ್ತದೆ. ಸೋರಿ ಬಂದದ್ದು ಅಲ್ಲಿನ ಮೇಲ್ಮೈಯಲ್ಲಿ ಹರಡಿ, ಅಲ್ಲಿನ ತೂತುಗಳಿಂದ ಚದುರಿ, ಮತ್ತೆ ಮಾಮೂಲಿ ಬೆಳಕಾಗಿ ಹೊರಡುತ್ತದೆ.

ಇದರಿಂದ ಬರುವ ಷರತ್ತು ಸರಳ: ತೂತುಗಳ ಅಂತರ ಮೇಲ್ಮೈ ಅಲೆಯ ಉದ್ದಕ್ಕೆ ಸಮನಾಗಬೇಕು. ನಮ್ಮ ಮಾದರಿಯಲ್ಲಿ ಪರೀಕ್ಷೆ ಮಾಡೋಣ. ಬೆಳ್ಳಿ ಕೂತಿರುವುದು ಕ್ವಾರ್ಟ್ಜ್ ಮೇಲೆ, ಅದರ ವಕ್ರೀಭವನಾಂಕ ಸುಮಾರು 1.45. 900ನ್ನು 1.45ರಿಂದ ಗುಣಿಸಿದರೆ 1,305. ಬೆಳ್ಳಿಯ ಪ್ರಭಾವ ಸೇರಿದರೆ ಇನ್ನು ಸ್ವಲ್ಪ ಮೇಲೆ. ಅಳೆದಾಗ ಸಿಕ್ಕಿದ್ದು 1,370. ಸೂತ್ರ ಕೊಡುವುದಕ್ಕಿಂತ ಶಿಖರ ಸ್ವಲ್ಪ ಉದ್ದದ ಅಲೆಯ ಕಡೆಗೆ ಸರಿದಿರುವುದು ಇಂಥ ಎಲ್ಲ ಮಾದರಿಗಳಲ್ಲೂ ಕಾಣುತ್ತದೆ. ಕಾರಣ, ಮೇಲ್ಮೈ ಅಲೆಯ ದಾರಿಯಿಂದ ಬಂದ ಬೆಳಕು ತೂತಿನಿಂದ ನೇರವಾಗಿ ಸೋರಿದ ಅಲ್ಪ ಬೆಳಕಿನ ಜೊತೆ ಸೇರಿ ಒಂದು ಕಡೆ ಬಲಪಡುತ್ತದೆ, ಇನ್ನೊಂದು ಕಡೆ ರದ್ದಾಗುತ್ತದೆ. ಶಿಖರದ ಎರಡು ಬದಿ ಒಂದೇ ಥರ ಇರದಿರುವುದಕ್ಕೂ ಇದೇ ಕಾರಣ. ಈ ಲೆಕ್ಕದಲ್ಲಿ ತೂತಿನ ವ್ಯಾಸ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಯಾವ ಬಣ್ಣ ಬರಬೇಕು ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಅಂತರ. ವ್ಯಾಸ ಮುಖ್ಯವಾಗುವುದು ಎಷ್ಟು ಬರಬೇಕು, ಶಿಖರ ಎಷ್ಟು ಅಗಲ ಇರಬೇಕು ಎಂಬುದಕ್ಕೆ.

ಎಬ್ಬೆಸೆನ್ ತಂಡ ಎರಡು ಪರೀಕ್ಷೆ ಮಾಡಿತ್ತು. ಎರಡೂ ನನಗೆ ಬಹಳ ಇಷ್ಟ. ಲೋಹದ ಬದಲು ಜರ್ಮೇನಿಯಂ ಪದರದಲ್ಲಿ ತೂತುಗಳ ಸಾಲು ಕೊರೆದರು. ಈ ಶಿಖರ ಬರಲಿಲ್ಲ. ಹಾಗಾದರೆ ಲೋಹ ಬೇಕೇ ಬೇಕು. ಮಾದರಿಯನ್ನು ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದರು. ಶಿಖರಗಳು ಕವಲೊಡೆದು ಜಾಗ ಬದಲಿಸಿದವು. ಬೆಳಕು ಬರೀ ತೂತಿನೊಳಗಿನಿಂದ ಹೋಗುವುದಾಗಿದ್ದರೆ ಸಣ್ಣ ಓರೆಗೆ ಇಷ್ಟು ಬದಲಾವಣೆ ಆಗುತ್ತಿರಲಿಲ್ಲ. ಮೇಲ್ಮೈಯಲ್ಲಿ ಸಾಗುವ ಅಲೆಗೆ ಮಾತ್ರ ಕೋನದ ಜೊತೆ ಇಂಥ ಸಂಬಂಧ ಇರುತ್ತದೆ.

ಈ ಥರದ ಸುಳಿವು ಅದಕ್ಕೂ ಬಹಳ ಮೊದಲೇ ಸಿಕ್ಕಿತ್ತು. 1902ರಲ್ಲಿ ರಾಬರ್ಟ್ ವುಡ್, ಒತ್ತೊತ್ತಾಗಿ ಗೀರುಗಳನ್ನು ಎಳೆದ ಲೋಹದ ಗ್ರೇಟಿಂಗ್‌ನಿಂದ ಬಂದ ರೋಹಿತದಲ್ಲಿ ಕೆಲವು ಕಡೆ ದಿಢೀರನೆ ಕಪ್ಪು ಪಟ್ಟಿ, ಕೆಲವು ಕಡೆ ದಿಢೀರನೆ ಬೆಳಕಿನ ಪಟ್ಟಿ ಕಂಡರು. 1907ರಲ್ಲಿ ರೇಲೀ ಒಂದು ವಿವರಣೆ ಕೊಟ್ಟರು. 1941ರಲ್ಲಿ ಉಗೋ ಫಾನೋ ಮೇಲ್ಮೈ ಅಲೆಗಳನ್ನು ತಂದು ಸೇರಿಸಿದರು. ತೂತುಗಳ ಸಾಲು ಅದೇ ಮನೆತನದ ಮಗು.

ಎಲ್ಲ ಶ್ರೇಯಸ್ಸೂ ಪ್ಲಾಸ್ಮಾನ್‌ಗೇ ಸೇರಬೇಕೇ ಎಂಬ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. 2008ರಲ್ಲಿ ಹೈಟಾವೋ ಲಿಯು ಮತ್ತು ಫಿಲಿಪ್ ಲಲಾನ್ ಒಂದೊಂದು ಸಾಲಿನ ಚದುರುವಿಕೆಯನ್ನೂ ಬಿಡಿಬಿಡಿಯಾಗಿ ಲೆಕ್ಕ ಮಾಡಿ ತೋರಿಸಿದರು. ಪ್ಲಾಸ್ಮಾನ್ ಅದರಲ್ಲಿ ಒಂದು ಭಾಗ ಮಾತ್ರ. ಮೇಲ್ಮೈ ಹತ್ತಿರ ಸಾಗುವ, ಪ್ಲಾಸ್ಮಾನ್ ಅಲ್ಲದ ಇನ್ನೊಂದು ಅಲೆಯ ಪಾಲೂ ಇದೆ. ಅಲೆಯುದ್ದ ಜಾಸ್ತಿಯಾದಂತೆ ಪ್ಲಾಸ್ಮಾನಿನ ಪಾಲು ಇಳಿಯುತ್ತದೆ. ನಿಮ್ಮ ಸೆಮಿನಾರಿನಲ್ಲಿ ಯಾರಾದರೂ ಎಲ್ಲವೂ ಪ್ಲಾಸ್ಮಾನ್ ಎಂದರೆ ಇದನ್ನು ಕೇಳಿ.

ಈಗ ಓವನ್. ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ, ಓದಿ ಖುಷಿಯಾಯಿತು. ಮನೆಯ ಓವನ್ನಿನ ಅಲೆ 2.45 ಗಿಗಾಹರ್ಟ್ಸ್, ಉದ್ದ ಸುಮಾರು 12 ಸೆಂಟಿಮೀಟರ್. ಬಾಗಿಲಿನ ಜಾಲರಿಯ ತೂತು ಒಂದೆರಡು ಮಿಲಿಮೀಟರ್, ಅಂತರವೂ ಹೆಚ್ಚೆಂದರೆ ಎರಡು ಮೂರು ಮಿಲಿಮೀಟರ್. ತೂತುಗಳು ಅಚ್ಚುಕಟ್ಟಾದ ಸಾಲಿನಲ್ಲಿರುವುದು ನಿಜ. ಆದರೆ ಆ ಸಾಲು ಯಾವ ಅಲೆಗೆ ಹೊಂದುತ್ತದೆ ಎಂದು ನೋಡಬೇಕು. ಅಂತರ 2 ಮಿಲಿಮೀಟರ್ ಆದರೆ ಹೊಂದುವುದು ಸುಮಾರು 2 ಮಿಲಿಮೀಟರ್ ಅಲೆಗೆ, ಅಂದರೆ 150 ಗಿಗಾಹರ್ಟ್ಸ್ ಆಸುಪಾಸು. ಓವನ್ನಿನ ಅಲೆ ಅದಕ್ಕಿಂತ ಅರುವತ್ತು ಪಟ್ಟು ಉದ್ದ. ಒಂದು ತೂತಿನಿಂದ ಚದುರಿದ ಅಲೆ ಪಕ್ಕದ ತೂತಿಗೆ ಬರುವಾಗ ಒಂದು ಸುತ್ತಿನ ಅರುವತ್ತನೇ ಒಂದು ಪಾಲು ಮಾತ್ರ ಮುಗಿಸಿರುತ್ತದೆ. ಕೂಡಿ ಬೆಳೆಯುವ ಪ್ರಶ್ನೆಯೇ ಇಲ್ಲ. ಅಲ್ಲಿ ಜಾಲರಿ ಹೆಚ್ಚುಕಡಿಮೆ ತೂತಿಲ್ಲದ ತಗಡಿನಂತೆ ಕೆಲಸ ಮಾಡುತ್ತದೆ. ಒಳಗೆ ಉರಿಯುವ ಬಲ್ಬಿನ ಬೆಳಕಿಗೆ ಅದೇ ತೂತು ಎರಡು ಮೂರು ಸಾವಿರ ಅಲೆಗಳಷ್ಟು ದೊಡ್ಡದು. ಅದಕ್ಕೇ ಅನ್ನ ಕಾಣುತ್ತದೆ, ಮೈಕ್ರೋವೇವ್ ಬರುವುದಿಲ್ಲ.

ಇದರ ಉಪಯೋಗಗಳ ಬಗ್ಗೆ ಎರಡು ಮಾತು ಸಾಕು. ಅಂತರ ಬದಲಿಸಿದರೆ ಬಣ್ಣ ಬದಲಾಗುತ್ತದೆ. ಎಬ್ಬೆಸೆನ್ ಅವರೇ ಬೆಳ್ಳಿಯ ಪದರದಲ್ಲಿ ಪ್ಲಾಂಕ್ ಸೂತ್ರದ ಎಚ್ ಮತ್ತು ನ್ಯೂ ಅಕ್ಷರಗಳನ್ನು ಬರೆದು ತೋರಿಸಿದ್ದಾರೆ. ಅಂತರ 550 ನ್ಯಾನೋಮೀಟರ್ ಇದ್ದಲ್ಲಿ ಕೆಂಪು, 450 ಇದ್ದಲ್ಲಿ ಹಸಿರು. ಬಣ್ಣದ ಪುಡಿ ಏನೂ ಇಲ್ಲ, ಬರೀ ಬೆಳ್ಳಿ ಮತ್ತು ಬಿಳಿ ಬೆಳಕು. ಇನ್ನೊಂದು, ಲೋಹಕ್ಕೆ ತಾಗಿದ ದ್ರವವೋ ಅಂಟಿದ ಅಣುಗಳ ಪದರವೋ ಬದಲಾದರೆ ಶಿಖರ ಸರಿಯುತ್ತದೆ. ಮೇಲ್ಮೈ ಅಲೆ ಲೋಹಕ್ಕೆ ಅಂಟಿಕೊಂಡೇ ಇರುವುದರಿಂದ ಮೇಲ್ಮೈಯ ಸಣ್ಣ ಬದಲಾವಣೆಯೂ ಅದಕ್ಕೆ ಗೊತ್ತಾಗುತ್ತದೆ. ಚಿನ್ನದ ಪದರದಲ್ಲಿ ತೂತುಗಳ ಸಾಲು ಕೊರೆದು ಜೈವಿಕ ಅಣುಗಳನ್ನು ಪತ್ತೆ ಮಾಡುವ ಸೆನ್ಸರುಗಳು ಈ ತತ್ತ್ವದ ಮೇಲೆ ನಿಂತಿವೆ. ಈ ಉಪಯೋಗಕ್ಕೆ ಹೆಚ್ಚು ಭವಿಷ್ಯ ಇದೆ ಎಂದು ನನ್ನ ಅಭಿಪ್ರಾಯ.

ಇನ್ನು ಲ್ಯಾಬ್. ನ್ಯಾನೋಮೀಟರ್ ತೂತು ಕೊರೆಯುವ ಯಂತ್ರ ಕಾಲೇಜಿನಲ್ಲಿ ಇರುವುದಿಲ್ಲ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್‌ಗೆ ಸೂಜಿ ಚುಚ್ಚಿ ಏನೂ ಸಿಗದು, ಲೆಕ್ಕ ಆಗಲೇ ನೋಡಿದೆವು. ಆದರೆ ಎಂ.ಎಸ್ಸಿ. ಲ್ಯಾಬಿನಲ್ಲಿ ಮೈಕ್ರೋವೇವ್ ಬೆಂಚ್ (ಮೈಕ್ರೋವೇವ್ ಹುಟ್ಟಿಸಿ ಅಳೆಯುವ ಸಲಕರಣೆ) ಇದ್ದರೆ ಅದನ್ನು ಬಳಸಿ. ಅಲೆ ದೊಡ್ಡದಾದರೆ ತೂತೂ ದೊಡ್ಡದು ಮಾಡಿದರಾಯಿತು. ಒಂದು ವ್ಯತ್ಯಾಸ ಹೇಳಲೇಬೇಕು. ಮೈಕ್ರೋವೇವ್‌ಗೆ ಅಲ್ಯುಮಿನಿಯಂ ಹೆಚ್ಚುಕಡಿಮೆ ಪರಿಪೂರ್ಣ ವಾಹಕ. ನುಣುಪಾದ ತಗಡಿನ ಮೇಲೆ ಮೈಗಂಟಿದ ಪ್ಲಾಸ್ಮಾನ್ ಅಲ್ಲಿ ಇರುವುದಿಲ್ಲ. ಆದರೆ ತೂತುಗಳ ಸಾಲಿರುವ ತಗಡು ತಾನೇ ಅಂಥ ಮೇಲ್ಮೈ ಅಲೆಯನ್ನು ಹಿಡಿದಿಡುತ್ತದೆ. ಇದನ್ನು 2004ರಲ್ಲಿ ಪೆಂಡ್ರಿ, ಮಾರ್ಟಿನ್-ಮೊರೆನೋ ಮತ್ತು ಗಾರ್ಸಿಯಾ-ವಿಡಾಲ್ ತೋರಿಸಿಕೊಟ್ಟರು. ಹಾಗಾಗಿ ಶಿಖರ ಇಲ್ಲೂ ಬರುತ್ತದೆ.

ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಇರುವ ಕ್ಲೈಸ್ಟ್ರಾನನ್ನು (ಮೈಕ್ರೋವೇವ್ ಹುಟ್ಟಿಸುವ ನಳಿಕೆ) 8.5ರಿಂದ 9.6 ಗಿಗಾಹರ್ಟ್ಸ್ ವರೆಗೆ ಹೊಂದಿಸಬಹುದು. ಅಲೆಯುದ್ದ 3.5ರಿಂದ 3.1 ಸೆಂಟಿಮೀಟರ್. ಒಂದು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಗಡಿನಲ್ಲಿ 1.6 ಸೆಂಟಿಮೀಟರ್ ವ್ಯಾಸದ ತೂತುಗಳನ್ನು 3.2 ಸೆಂಟಿಮೀಟರ್ ಅಂತರದಲ್ಲಿ ಚೌಕವಾಗಿ ಕೊರೆಸಿ. ಸಾಲಿಗೆ ಹದಿನೈದರಂತೆ ಹದಿನೈದು ಸಾಲಾದರೂ ಇರಲಿ, ಕಡಿಮೆಯಾದರೆ ಕೂಡಿ ಬೆಳೆಯಲು ಜಾಗ ಸಾಲದು. ಇಂಥ ತೂತಿನ ಕಟ್‌ಆಫ್ ಸುಮಾರು 2.7 ಸೆಂಟಿಮೀಟರ್, ನಿಮ್ಮ ಅಲೆ ಅದಕ್ಕಿಂತ ಉದ್ದ. ಶಿಖರ ಬರಬೇಕಾದದ್ದು 3.2 ಸೆಂಟಿಮೀಟರಿಗಿಂತ ಸ್ವಲ್ಪ ಉದ್ದದ ಅಲೆಯಲ್ಲಿ, ಅಂದರೆ 9.4 ಗಿಗಾಹರ್ಟ್ಸ್‌ನ ಕೆಳಗೆ. ಇದೇ ಅಳತೆಯ ಇನ್ನೊಂದು ತಗಡಿನಲ್ಲಿ ಅಷ್ಟೇ ತೂತುಗಳನ್ನು ಅಂತರ ನೋಡದೆ ಚೆಲ್ಲಾಪಿಲ್ಲಿಯಾಗಿ ಕೊರೆಸಿ. ಎರಡು ತಗಡುಗಳಲ್ಲೂ ತೂತಿನ ವಿಸ್ತೀರ್ಣ ಒಂದೇ. ಸಾಲಿದ್ದದ್ದರಲ್ಲಿ ಶಿಖರ ಬಂದು, ಸಾಲಿಲ್ಲದ್ದರಲ್ಲಿ ಬಾರದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಗ್ರಾಫಿನಲ್ಲೇ ಸಿಕ್ಕಿದಂತೆ.

ಅಲೆಯನ್ನು ಹೊರಗೆ ಬಿಡುವ ಹಾರ್ನ್ ಆಂಟೆನಾವನ್ನು ತಗಡಿನಿಂದ ಎರಡು ಮೀಟರಾದರೂ ದೂರ ಇಡಿ, ಹತ್ತಿರವಾದರೆ ಅಲೆಯ ಮುಖ ಬಾಗಿದ್ದು ಶಿಖರ ಮಸುಕಾಗುತ್ತದೆ. ತಗಡಿನ ಅಂಚನ್ನು ಸುತ್ತಿ ಬರುವ ಅಲೆ ದೊಡ್ಡ ಕಾಟ. ತೂತುಗಳ ಸುತ್ತ ಖಾಲಿ ತಗಡನ್ನು ಸಾಕಷ್ಟು ಅಗಲ ಬಿಡಿ. ಮೊದಲು ತೂತಿಲ್ಲದ ತಗಡು ಇಟ್ಟು ಎಷ್ಟು ಸಿಗ್ನಲ್ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಪ್ರತಿ ಆವರ್ತಾಂಕದಲ್ಲೂ ತಗಡು ತೆಗೆದು ಒಮ್ಮೆ ಅಳೆಯಿರಿ, ಕ್ಲೈಸ್ಟ್ರಾನಿನ ಶಕ್ತಿ ಆವರ್ತಾಂಕದ ಜೊತೆ ಬದಲಾಗುವುದರಿಂದ ಅದರಿಂದ ಭಾಗಿಸದೆ ಗ್ರಾಫ್ ಹಾಕಿದರೆ ಸುಳ್ಳು ಶಿಖರ ಕಾಣಬಹುದು. ಹಾರ್ನಿನ ಒಳಗೆ ಇಣುಕಬೇಡಿ. ಶಿಖರ ಸಿಕ್ಕಿದ ಮೇಲೆ ತಗಡನ್ನು ಐದು ಡಿಗ್ರಿ, ಹತ್ತು ಡಿಗ್ರಿ ಓರೆ ಮಾಡಿ ಮತ್ತೆ ಅಳೆಯಿರಿ. ಗ್ರಾಫುಗಳನ್ನು ಕಳಿಸಿದರೆ ಖಂಡಿತ ನೋಡುತ್ತೇನೆ. ಚೆಲ್ಲಾಪಿಲ್ಲಿ ತಗಡಿನದ್ದನ್ನೂ ಮರೆಯದೆ ಕಳಿಸಿ.